ನಿಮ್ಮ ನಾಯಿ ಎದುರು ಮನೆ ನಾಯಿಯನ್ನು ಕಚ್ಚಿದರೆ: ಮೊದಲು ಆಸ್ಪತ್ರೆ, ಆಮೇಲೆ ಲೆಕ್ಕ

ನಾನು ದಾವಣಗೆರೆ ಎಪಿಎಂಸಿಯಲ್ಲಿ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. 16 ವರ್ಷದಿಂದ ಅದೇ ಕೆಲಸ. ನಾಯಿ ವಿಚಾರದಲ್ಲಿ ಪಂಡಿತಳಲ್ಲ, ವಕೀಲಳಂತೂ ಅಲ್ಲವೇ ಅಲ್ಲ. ಆದರೆ ನಮ್ಮ ಟೈಗರ್ ಎದುರು ಮನೆ ಮೇಷ್ಟ್ರ ಪಿಂಕಿಯನ್ನು ಕಚ್ಚಿದ ಮೇಲೆ ಏನೇನು ಮಾಡಬೇಕು ಅಂತ ಒದ್ದಾಡಿ ಕಲಿತೆ. ಕಚ್ಚಿಸಿಕೊಂಡವರಿಗೆ ಹೇಳುವವರು ಊರ ತುಂಬ ಸಿಗುತ್ತಾರೆ. ಕಚ್ಚಿದ ನಾಯಿಯ ಮನೆಯವರಿಗೆ ಯಾರೂ ಏನೂ ಹೇಳುವುದಿಲ್ಲ, ಬೈಗುಳ ಬಿಟ್ಟು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ನಿಟ್ಟುವಳ್ಳಿ ಕಡೆ. ಗೇಟಿನ ಚಿಲಕ ಒಂದು ತಿಂಗಳಿಂದ ಸಡಿಲವಾಗಿತ್ತು. ಸರಿ ಮಾಡಿಸಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಅವತ್ತು ಬೆಳಗ್ಗೆ ಆರೂವರೆ ಹೊತ್ತಿಗೆ ಅಂಗಳ ತೊಳೆಯಲು ಬಕೆಟ್ ತಂದಿಟ್ಟೆ. ಮೇಷ್ಟ್ರು ಪಿಂಕಿಯ ಬೆಲ್ಟ್ ಹಿಡಿದು ವಾಕಿಂಗ್ ಹೊರಟಿದ್ದರು. ಪಿಂಕಿ ಪೊಮೇರಿಯನ್, ಆರು ಕಿಲೋನೂ ಇಲ್ಲ. ಟೈಗರ್ ಲ್ಯಾಬ್ ಮತ್ತು ಬೀದಿ ನಾಯಿಯ ಮಿಶ್ರ, 28 ಕಿಲೋ. ಪಿಂಕಿ ಗೇಟಿನ ಎದುರು ನಿಂತು ಬೊಗಳಿದಳು. ಟೈಗರ್ ಗೇಟಿಗೆ ಒರಗಿದ, ಚಿಲಕ ಬಿಟ್ಟಿತು. ಉಳಿದದ್ದು ಹತ್ತು ಸೆಕೆಂಡಿನಲ್ಲಿ ಮುಗಿಯಿತು.

ಬಿಡಿಸುವುದು ಹೇಗೆ

ಮಧ್ಯೆ ಕೈ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಕೊರಳಪಟ್ಟಿ ಹಿಡಿದು ಎಳೆಯಲು ಹೋದರೆ ನಿಮ್ಮ ನಾಯಿಯೇ ನಿಮ್ಮ ಕೈ ಕಚ್ಚುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಯಾರ ಕೈ ಅಂತ ಗೊತ್ತಾಗುವುದಿಲ್ಲ. ನನ್ನ ಪುಣ್ಯ, ಬಕೆಟ್ ಕೈಯಲ್ಲೇ ಇತ್ತು. ಪೂರ್ತಿ ನೀರನ್ನು ಟೈಗರ್ ಮುಖಕ್ಕೆ ಎರಚಿದೆ, ಬಾಯಿ ಬಿಟ್ಟ. ನೀರಿಲ್ಲದಿದ್ದರೆ ಕಂಬಳಿಯೋ ಗೋಣಿಚೀಲವೋ ಮೇಲೆ ಹಾಕಿ, ಇಲ್ಲವೇ ಪ್ಲಾಸ್ಟಿಕ್ ಕುರ್ಚಿಯನ್ನು ಎರಡರ ನಡುವೆ ತೂರಿಸಿ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ಎತ್ತಿ ಹಿಂದಕ್ಕೆ ಎಳೆಯಬಹುದು. ಆದರೆ ಕಚ್ಚಿ ಹಿಡಿದಿರುವಾಗ ಎಳೆದರೆ ಮಾಂಸ ಹರಿಯುತ್ತದೆ, ಮೊದಲು ಬಾಯಿ ಬಿಡಿಸಿ. ಕೋಲಿನಿಂದ ಹೊಡೆದರೆ ಸಿಟ್ಟು ಜಾಸ್ತಿಯಾಗುತ್ತದೆ ಅಷ್ಟೇ.

ಬಿಡಿಸಿದ ತಕ್ಷಣ ನಿಮ್ಮ ನಾಯಿಯನ್ನು ಒಳಗೆ ಕೂಡಿಹಾಕಿ ಬಾಗಿಲು ಹಾಕಿ. ಅದನ್ನು ಬಡಿಯುತ್ತಾ ನಿಂತರೆ ಎದುರಿನವರ ನಾಯಿಯ ರಕ್ತ ನೋಡುವವರಿಲ್ಲ.

ಸಣ್ಣ ತೂತು ಅಂತ ಬಿಡಬೇಡಿ

ಪಿಂಕಿಯ ಭುಜದ ಹತ್ತಿರ ಎರಡು ತೂತು ಬಿದ್ದಿದ್ದವು, ಕಡಲೆಕಾಳಿನಷ್ಟು. ರಕ್ತವೂ ಜಾಸ್ತಿ ಬರಲಿಲ್ಲ. ನೋಡಲು ಬಂದ ನಾಲ್ಕು ಜನರಲ್ಲಿ ಮೂವರು "ಅರಿಶಿನ ಹಚ್ಚಿ, ಹೋಗುತ್ತೆ" ಅಂದರು. ನನಗೂ ಹಾಗೇ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಖರ್ಚು ಉಳಿಯುತ್ತೆ ಅಂತ ಒಳಗಿನ ಲೆಕ್ಕದವಳು ಪಿಸುಗುಟ್ಟಿದಳು.

ಕ್ಲಿನಿಕ್‌ನಲ್ಲಿ ಡಾಕ್ಟರು ಸುತ್ತಲಿನ ಕೂದಲು ಬೋಳಿಸಿದಾಗ ಗೊತ್ತಾಯಿತು. ನಾಯಿಯ ಚರ್ಮ ಸಡಿಲ, ಎಳೆದಂತೆ ಬರುತ್ತದೆ. ದೊಡ್ಡ ನಾಯಿ ಸಣ್ಣದನ್ನು ಹಿಡಿದು ಕೊಡವಿದಾಗ ಹೊರಗೆ ಹಲ್ಲಿನ ಗುರುತಷ್ಟೇ ಕಾಣುತ್ತದೆ, ಒಳಗೆ ಚರ್ಮ ಮಾಂಸದಿಂದ ಕಿತ್ತು ಬಂದು ಚೀಲದ ಹಾಗೆ ಆಗಿರುತ್ತದೆ. ಆ ಚೀಲದೊಳಗೆ ಬಾಯಿಯ ಕೊಳೆ, ಕೂದಲು ಸೇರಿ ಎರಡು ಮೂರು ದಿನಕ್ಕೆ ಕೀವು ಕಟ್ಟುತ್ತದೆ. ಎದೆ, ಹೊಟ್ಟೆ, ಕುತ್ತಿಗೆಯ ಹತ್ತಿರ ಕಚ್ಚಿದ್ದರೆ ಇನ್ನೂ ಕಷ್ಟ: ಪಕ್ಕೆಲುಬು ಮುರಿದಿರಬಹುದು, ಶ್ವಾಸಕೋಶಕ್ಕೆ ತಗುಲಿರಬಹುದು. ಹಾಗಾಗಿ ಗಾಯ ಎಷ್ಟೇ ಚಿಕ್ಕದಿರಲಿ, ಅವತ್ತೇ ತೋರಿಸಿ.

ದಾರಿಯಲ್ಲಿ ಮಾಡುವುದು ಇಷ್ಟೇ. ಶುದ್ಧ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಕೊಳೆಯಾಗಿದ್ದರೆ ನೀರು ಅಥವಾ ಸಲೈನ್ ಹಾಕಿ ತೊಳೆಯಿರಿ. ಅರಿಶಿನ, ಕಾಫಿಪುಡಿ ಬೇಡ. ಮನೆಯಲ್ಲಿರುವ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ನಮ್ಮ ಐಬುಪ್ರೊಫೆನ್, ಪ್ಯಾರಸಿಟಮಾಲ್ ನಾಯಿಗೆ ವಿಷವಾಗಬಹುದು. ನೋವಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಆದ್ದರಿಂದ ಬಾಯಿಗೆ ಮೆತ್ತಗೆ ಬಟ್ಟೆ ಕಟ್ಟಿ. ಉಸಿರಾಟ ಕಷ್ಟವಾಗಿದ್ದರೆ ಮಾತ್ರ ಕಟ್ಟಬೇಡಿ.

ಮೇಷ್ಟ್ರ ಕೈಗೂ ಹಲ್ಲು ತಾಗಿತ್ತು, ಪಿಂಕಿಯದೋ ಟೈಗರ್‌ನದೋ ಗೊತ್ತಿಲ್ಲ. ಯಾರದ್ದಾದರೂ ಅಷ್ಟೇ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಆಮೇಲೆ ಸೀದಾ ಸರ್ಕಾರಿ ಆಸ್ಪತ್ರೆ, ರೇಬಿಸ್ ಇಂಜೆಕ್ಷನ್. ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು ಅನ್ನುತ್ತಾರೆ. ಆದರೆ ಆ 10 ದಿನ ಮುಗಿಯಲಿ ಅಂತ ಇಂಜೆಕ್ಷನ್ ಮುಂದೂಡಬಾರದು. ಶುರು ಮಾಡಿದ ಮೇಲೆ ಡಾಕ್ಟರು ಹೇಳಿದಷ್ಟನ್ನೂ ತೆಗೆದುಕೊಳ್ಳಬೇಕು.

ಇಲ್ಲಿ ನನ್ನ ಮಾನ ಹೋಯಿತು. ಡಾಕ್ಟರು "ನಿಮ್ಮ ನಾಯಿಯ ಲಸಿಕೆ ಪುಸ್ತಕ ತನ್ನಿ" ಅಂದರು. ತಂದೆ. ರೇಬಿಸ್ ಲಸಿಕೆಯ ವಾಯಿದೆ ಮುಗಿದು ಎರಡು ತಿಂಗಳಾಗಿತ್ತು. ಅಂಗಡಿಯಲ್ಲಿ ರೈತರ ಬಾಕಿ ಒಂದು ದಿನ ತಡವಾದರೂ ನನಗೆ ಗೊತ್ತಾಗುತ್ತದೆ, ಮನೆ ನಾಯಿಯದ್ದು ಗೊತ್ತಾಗಲಿಲ್ಲ. ಮೇಷ್ಟ್ರು ಪುಸ್ತಕ ನೋಡಿದರು, ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಒಳ್ಳೆಯದಿತ್ತು. ಟೈಗರ್‌ನನ್ನು 10 ದಿನ ಹೊರಗೆ ಬಿಡದೆ ನೋಡಿಕೊಂಡೆ. ಪಿಂಕಿಗೆ ಡಾಕ್ಟರು ಲಸಿಕೆ ಮತ್ತೆ ಹಾಕಿದರು.

ದುಡ್ಡಿನ ಮಾತು ಅವತ್ತೇ ಆಡಿ

ನನ್ನ ತಮ್ಮ ಬೇರೆ ಥರದವನು. "ಅಕ್ಕಾ, ನೀನೇ ದುಡ್ಡು ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ. ಅವರ ನಾಯಿ ಬೊಗಳಿ ಕೆಣಕಲಿಲ್ವಾ? ಸುಮ್ನಿರು, ಅವರೇ ಕೇಳಲಿ" ಅಂದ. ಇದೇ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ ಅಂತ ನನಗೆ ಗೊತ್ತು. ಆದರೆ ನೋಡಿ, ಪಿಂಕಿ ಬೆಲ್ಟಿನಲ್ಲಿದ್ದಳು, ರಸ್ತೆಯಲ್ಲಿದ್ದಳು. ಬೊಗಳುವುದು ನಾಯಿಯ ಕೆಲಸ. ಚಿಲಕ ಸರಿ ಇಟ್ಟುಕೊಳ್ಳುವುದು ನನ್ನ ಕೆಲಸ. ಮಂಡಿಯಲ್ಲಿ ತೂಕ ತಪ್ಪಾದರೆ ಅದೇ ದಿನ ಸರಿ ಮಾಡುತ್ತೇವೆ. ಮಾರನೇ ದಿನಕ್ಕೆ ಉಳಿಸಿದರೆ ಎರಡು ಕಿಲೋ ವ್ಯತ್ಯಾಸ ಇಪ್ಪತ್ತು ಕಿಲೋ ಆಗಿರುತ್ತದೆ, ಬಾಯಿಂದ ಬಾಯಿಗೆ.

ಹಾಗಾಗಿ ಕ್ಲಿನಿಕ್‌ನಲ್ಲೇ ಮೇಷ್ಟ್ರಿಗೆ ಹೇಳಿದೆ: "ಮೇಷ್ಟ್ರೇ, ಇದರ ಖರ್ಚು ನಂದು. ಬಿಲ್ ನನ್ನ ಹತ್ತಿರ ಕೊಡಿ." ಅವರು "ಅದೆಲ್ಲ ಆಮೇಲೆ ನೋಡೋಣ ಬಿಡಮ್ಮ" ಅಂದರು. ಆಮೇಲೆ ಅನ್ನುವುದನ್ನು ನಂಬಬೇಡಿ. ಆಮೇಲೆ ಅಂದರೆ ಅವರ ಮಗ ಬೆಂಗಳೂರಿನಿಂದ ಫೋನ್ ಮಾಡುತ್ತಾನೆ, ನನ್ನ ತಮ್ಮ ಉತ್ತರ ಕೊಡುತ್ತಾನೆ.

ದುಡ್ಡನ್ನು ಕ್ಲಿನಿಕ್ಕಿಗೇ ನೇರವಾಗಿ ಫೋನ್‌ಪೇ ಮಾಡಿದೆ. ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಮುಜುಗರ, ತೆಗೆದುಕೊಂಡವರಿಗೂ ಮುಜುಗರ, ದಾಖಲೆಯೂ ಇಲ್ಲ. ಬಿಲ್ಲಿನಲ್ಲಿ ಒಂದೊಂದು ಬಾಬತ್ತು ಬಿಡಿಬಿಡಿಯಾಗಿ ಇರಲಿ ಅಂತ ಕೇಳಿ ಬರೆಸಿದೆ. ಮೊದಲ ದಿನ ಅರಿವಳಿಕೆ, ಹೊಲಿಗೆ, ಕೀವು ಇಳಿಯಲು ಇಟ್ಟ ಸಣ್ಣ ನಳಿಕೆ ಎಲ್ಲಾ ಸೇರಿ 2,850. ಮೂರು ಸಲ ಡ್ರೆಸ್ಸಿಂಗ್ 1,050. ಔಷಧಿ 1,340. ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ 400. ಲಸಿಕೆ 350. ಆಟೋ ಹೋಗಿ ಬಂದದ್ದು 640. ಒಟ್ಟು 6,630 ರೂಪಾಯಿ. ಆಟೋ ಬಾಡಿಗೆಯನ್ನು ಜನ ಮರೆಯುತ್ತಾರೆ, ಅದೂ ಖರ್ಚೇ. ಔಷಧಿ ಬಿಲ್ಲಿನಲ್ಲಿ ಇದಲ್ಲದೆ 480 ರೂಪಾಯಿಯ ಶಾಂಪೂ ಇತ್ತು, ಪಿಂಕಿಯ ಹಳೇ ಚರ್ಮದ ಅಲರ್ಜಿಗೆ. ನಾನು ಬಾಯಿ ಬಿಡುವ ಮೊದಲೇ ಮೇಷ್ಟ್ರು ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. ಮೊದಲೇ ಇದ್ದ ಕಾಯಿಲೆಯ ಖರ್ಚು ಕಚ್ಚಿದ ನಾಯಿಯ ಮನೆಯವರದಲ್ಲ. ಅವತ್ತಿನ ಗಾಯ, ಆ ಗಾಯದಿಂದ ಮುಂದೆ ಆದದ್ದು, ಅಷ್ಟು ಮಾತ್ರ ಅವರದು.

ಆಮೇಲೆ ಒಂದು ಹಾಳೆ ಬರೆದೆವು. ಛಾಪಾಕಾಗದ ಏನೂ ಬೇಡ, ಮೇಷ್ಟ್ರ ಹಳೇ ಡೈರಿಯ ಹಾಳೆ ಸಾಕಾಯಿತು. ಹೆಚ್ಚೂಕಡಿಮೆ ಹೀಗಿತ್ತು: "ಇಂಥ ದಿನ ಬೆಳಗ್ಗೆ 6:30ಕ್ಕೆ ನಮ್ಮ ಗೇಟು ತೆರೆದುಕೊಂಡು ನಮ್ಮ ನಾಯಿ ಹೊರಬಂದು, ಬೆಲ್ಟಿನಲ್ಲಿದ್ದ ಎದುರು ಮನೆ ನಾಯಿಯ ಎಡಭುಜಕ್ಕೆ ಕಚ್ಚಿದೆ. ಇವತ್ತಿನವರೆಗಿನ ಚಿಕಿತ್ಸೆ ಖರ್ಚು ಕೊಟ್ಟಿದ್ದೇನೆ. ಇದೇ ಗಾಯಕ್ಕೆ ಮುಂದಿನ 30 ದಿನದಲ್ಲಿ ಡಾಕ್ಟರು ಹೇಳಿದ ಖರ್ಚನ್ನು ಬಿಲ್ ನೋಡಿ ಕೊಡುತ್ತೇನೆ." ಇಬ್ಬರ ಸಹಿ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ. ತಮ್ಮನಿಗೆ ಇದು ಹುಚ್ಚುತನ ಅನಿಸಿತು. ಆದರೆ ಆ 30 ದಿನ ಅನ್ನುವ ಮಾತು ಇಬ್ಬರನ್ನೂ ಉಳಿಸಿತು. ನನಗೆ ಎಲ್ಲಿಯವರೆಗೆ ಅಂತ ಗೊತ್ತಾಯಿತು, ಅವರಿಗೆ ಕೀವು ಕಟ್ಟಿದರೆ ಮತ್ತೆ ಬಂದು ಕೇಳುವ ಸಂಕೋಚ ತಪ್ಪಿತು.

ಎಲ್ಲ ಪ್ರಸಂಗವೂ ಇಷ್ಟು ಸರಳವಲ್ಲ. ಎರಡೂ ನಾಯಿ ಬೆಲ್ಟಿಲ್ಲದೆ ಕುಂದವಾಡ ಕೆರೆ ಏರಿಯ ಮೇಲೆ ಓಡಾಡುತ್ತಿದ್ದು ಕಚ್ಚಾಡಿದರೆ, ಇಬ್ಬರೂ ಬಿಟ್ಟವರೇ. ಆಗ ಖರ್ಚು ಹಂಚಿಕೊಳ್ಳುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಅವರ ನಾಯಿ ನಿಮ್ಮ ಕಾಂಪೌಂಡಿನೊಳಗೆ ನುಗ್ಗಿ ಕಚ್ಚಿಸಿಕೊಂಡರೆ ಹೊಣೆ ಹೆಚ್ಚಾಗಿ ಅವರದು. ಆದರೆ ನಿಮ್ಮ ನಾಯಿ ಹಿಂದೆಯೂ ಕಚ್ಚಿದ್ದು ನಿಮಗೆ ಗೊತ್ತಿದ್ದರೆ ನಿಮ್ಮ ಪಾಲು ಹೆಚ್ಚುತ್ತದೆ. ಗೊತ್ತಿದ್ದೂ ಎಚ್ಚರ ವಹಿಸಲಿಲ್ಲ ಅನ್ನುವುದೇ ಕೋರ್ಟಿನಲ್ಲೂ ದೊಡ್ಡ ಪ್ರಶ್ನೆ.

ಕಾನೂನು, ಸ್ವಲ್ಪದರಲ್ಲಿ

ಕಾನೂನಿನ ಕಣ್ಣಿಗೆ ನಾಯಿ ಮಾಲೀಕರ ಸ್ವತ್ತು. ನಿಮ್ಮ ಅಜಾಗರೂಕತೆಯಿಂದ ಎದುರಿನವರ ನಾಯಿಗೆ ಗಾಯವಾದರೆ ಅವರು ಪರಿಹಾರ ಕೇಳಿ ಸಿವಿಲ್ ದಾವೆ ಹಾಕಬಹುದು. ಪೊಲೀಸ್ ಕೇಸು ಅಂತ ಹೆದರಿಸುವವರು ಹೇಳುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ಸಾಕಿದ ಪ್ರಾಣಿಯ ಬಗ್ಗೆ ಎಚ್ಚರ ವಹಿಸದಿದ್ದರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದು ಮನುಷ್ಯರಿಗೆ ಆಗುವ ಅಪಾಯದ ಕಲಂ. ನಾಯಿ ನಾಯಿಯನ್ನು ಕಚ್ಚಿದ್ದಕ್ಕೆ ನೇರವಾಗಿ ಹೊಂದುವುದಿಲ್ಲ, ಬಿಡಿಸಲು ಹೋದವರಿಗೆ ಕಚ್ಚಿದ್ದರೆ ಬೇರೆ ಮಾತು. 325ನೇ ಕಲಂ ಪ್ರಾಣಿಯನ್ನು ಕೊಂದವರಿಗೆ, ಅಂಗ ಊನ ಮಾಡಿದವರಿಗೆ 5 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಅದಕ್ಕೆ ಬೇಕೆಂದೇ, ಅಥವಾ ಹೀಗಾಗುತ್ತೆ ಅಂತ ತಿಳಿದೇ ಮಾಡಿರಬೇಕು. ಬೇಕೆಂದೇ ಛೂ ಬಿಟ್ಟವರು ಇದರ ಭಯ ಇಟ್ಟುಕೊಳ್ಳಲಿ.

ಮಾತು ಮುರಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ಕೋರ್ಟ್ ಶುಲ್ಕವಿಲ್ಲ. ಆರು ಸಾವಿರಕ್ಕೆ ಮೂರು ವರ್ಷ ದಾವೆ ನಡೆಸುವುದಕ್ಕಿಂತ ಇದು ಮೇಲು.

ತಳಿಯ ಜಗಳಕ್ಕೆ ಬೀಳಬೇಡಿ. ಪಿಟ್‌ಬುಲ್, ರಾಟ್‌ವೀಲರ್ ಥರದ 23 ತಳಿಗಳನ್ನು ನಿಷೇಧಿಸಲು ಹೇಳಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಕಳಿಸಿತ್ತು. ನಮ್ಮ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ನಮ್ಮ ಟೈಗರ್ ಯಾವ ಪಟ್ಟಿಯಲ್ಲೂ ಇಲ್ಲ. ಅವನಿಗೆ ತಳಿಯೇ ಇಲ್ಲ.

ಕಚ್ಚಿಸಿಕೊಂಡದ್ದು ನಿಮ್ಮ ನಾಯಿಯಾದರೆ ಇದನ್ನೇ ತಿರುಗಿಸಿ ಓದಿಕೊಳ್ಳಿ: ಗಾಯದ ಫೋಟೊ, ತೆರೆದ ಗೇಟಿನ ಫೋಟೊ, ನೋಡಿದವರ ಹೆಸರು, ಬಿಲ್ಲು, ಎದುರಿನವರ ಲಸಿಕೆ ಪುಸ್ತಕ. ಅಕ್ಕಪಕ್ಕದಲ್ಲಿ ಸಿಸಿಟಿವಿ ಇದ್ದರೆ ಅಳಿಸಿಹೋಗುವ ಮೊದಲೇ ಕೇಳಿ. ಕಚ್ಚಿಸಿಕೊಂಡದ್ದು ಬೀದಿ ನಾಯಿಯಾದರೆ ಕೇಳುವವರಿಲ್ಲ ಅಂತ ಬಿಟ್ಟು ಬರಬೇಡಿ, ನೀವೇ ತೋರಿಸಿ.

ಆಮೇಲೆ ಟೈಗರ್ ಏನಾದ

ಅವನನ್ನು ಡಾಕ್ಟರಿಗೆ ತೋರಿಸಿದೆ. ಕಿವಿ ನೋವೋ ಸೊಂಟ ನೋವೋ ಇದ್ದರೂ ನಾಯಿ ಸಿಡುಕುತ್ತದಂತೆ. ಅವನಿಗೆ ಅಂಥದ್ದೇನೂ ಇರಲಿಲ್ಲ, ಬರೀ ಪೊಗರು. ಈಗ ಹೊರಗೆ ಹೊರಟರೆ ಐದಡಿಯ ಗಟ್ಟಿ ಬೆಲ್ಟ್, ಬಾಯಿಗೆ ಬುಟ್ಟಿಯಂಥ ಮುಖಪಟ್ಟಿ. ಬಟ್ಟೆಯದು ತೆಗೆದುಕೊಳ್ಳಬೇಡಿ, ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲೇಬೇಕು. ಬುಟ್ಟಿಯದಾದರೆ ನೀರೂ ಕುಡಿಯುತ್ತದೆ. ಒಂದು ವಾರ ಅದರೊಳಗೆ ರೊಟ್ಟಿ ಚೂರು ಇಟ್ಟು ಅಭ್ಯಾಸ ಮಾಡಿಸಿದೆ. ದಿನವಿಡೀ ಸರಪಳಿ ಹಾಕಿ ಕಟ್ಟು ಅಂತ ಬಹಳ ಜನ ಹೇಳಿದರು. ಕಟ್ಟಿದಷ್ಟೂ ನಾಯಿ ಕೆರಳುತ್ತದೆ. ಅಡ್ಡಾಡಿಸದೆ ಸದಾ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು ಕೂಡ.

ಗೇಟಿಗೆ ಈಗ ಎರಡು ಚಿಲಕ, ಮೇಲೊಂದು ಕೆಳಗೊಂದು. ವೆಲ್ಡಿಂಗ್ ಅಂಗಡಿಯವನು 220 ರೂಪಾಯಿ ತೆಗೆದುಕೊಂಡ. ಅದನ್ನೂ 6,630ರ ಕೆಳಗಿನ ಸಾಲಿನಲ್ಲೇ ಬರೆದಿಟ್ಟಿದ್ದೇನೆ.

ಪಿಂಕಿಯ ಭುಜದಲ್ಲಿ ಕೂದಲು ಬಂದಿದೆ. ನಮ್ಮ ಗೇಟಿನ ಎದುರು ಈಗಲೂ ನಿಂತು ಬೊಗಳುತ್ತಾಳೆ. ಮೇಷ್ಟ್ರು ಮಾತ್ರ ಅಲ್ಲಿಗೆ ಬಂದಾಗ ಅವಳನ್ನು ಎತ್ತಿಕೊಂಡೇ ದಾಟುತ್ತಾರೆ.