ಮುಟ್ಟದೆಯೇ ಒಂದು ಖನಿಜವನ್ನು ಅರಿಯುವುದು ಹೇಗೆ? ಲ್ಯಾಫಮೈಟ್ ಇಟ್ಟುಕೊಂಡು ಒಂದು ಪಾಠ

ಲ್ಯಾಫಮೈಟ್ ಅಂತ ಒಂದು ಅಪರೂಪದ ಖನಿಜ ಇದೆ. ಕಡು ಕೆಂಪು ಬಣ್ಣ. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆದು. ಒಳಗೆ ತುಂಬಿರುವುದು ಆರ್ಸೆನಿಕ್ ಮತ್ತು ಸೆಲೆನಿಯಂ, ಜೊತೆಗೆ ಒಂದಿಷ್ಟು ಗಂಧಕ. ಬೆಂಗಳೂರಿನಲ್ಲಿ ಇರುವ ನಮ್ಮ ಕೈಗೆ ಇದು ಸಿಗುವುದು ಕಷ್ಟ, ಸಿಗದಿದ್ದರೇ ಒಳ್ಳೆಯದು, ಯಾಕೆಂದರೆ ಇದು ವಿಷ.

ಹಾಗಾದರೆ ಇದನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳಬಹುದು. ಖನಿಜದ ಗುಣಗಳನ್ನು ನಮ್ಮ ಕಾಲೇಜುಗಳಲ್ಲಿ ಪಟ್ಟಿ ಮಾಡಿ ಉರು ಹೊಡೆಸುತ್ತಾರೆ. ಬಣ್ಣ ಇದು, ಗಡಸುತನ ಇಷ್ಟು, ಸಾಂದ್ರತೆ ಇಷ್ಟು. ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲ ಮರೆತು ಹೋಗುತ್ತದೆ. ನಿಜವಾಗಿ ನೋಡಿದರೆ ಆ ಗುಣಗಳೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ, ಒಂದನ್ನು ಹಿಡಿದು ಎಳೆದರೆ ಉಳಿದವೂ ಬರುತ್ತವೆ. ಮುಟ್ಟಲು ಆಗದ ಖನಿಜವನ್ನು ಇಟ್ಟುಕೊಂಡು ಕಲಿತರೆ ಇದು ಚೆನ್ನಾಗಿ ತಲೆಗೆ ಹತ್ತುತ್ತದೆ. ಬಿಎಸ್ಸಿ ಭೂವಿಜ್ಞಾನ ಓದುತ್ತಿರುವವರು, ಲಾಲ್‌ಬಾಗ್ ಬಂಡೆ ನೋಡಿ ಕಲ್ಲಿನ ಹುಚ್ಚು ಹತ್ತಿಸಿಕೊಂಡವರು, ಯಾರು ಬೇಕಾದರೂ ಮಾಡಬಹುದು. ಒಂದು ನೋಟ್‌ಬುಕ್, ಪೆನ್ನು, ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಹೆಜ್ಜೆ 1: ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಅಂತ ಮೊದಲು ಬರೆದುಕೊಳ್ಳಿ

ಲ್ಯಾಫಮೈಟ್ ಸಿಕ್ಕಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬರ್ನ್‌ಸೈಡ್‌ನಲ್ಲಿ. ಅಲ್ಲಿ ಆಂಥ್ರಸೈಟ್ ಕಲ್ಲಿದ್ದಲಿನ ಗಣಿಗಾರಿಕೆಯಲ್ಲಿ ಉಳಿದ ಕಸದ ಗುಡ್ಡೆ ಒಳಗೊಳಗೇ ಉರಿಯುತ್ತಿತ್ತು. ಕಲ್ಲಿದ್ದಲಿನಲ್ಲಿ ಆರ್ಸೆನಿಕ್, ಸೆಲೆನಿಯಂ, ಗಂಧಕ ಮೂರೂ ಸ್ವಲ್ಪ ಸ್ವಲ್ಪ ಇರುತ್ತವೆ. ಬೆಂಕಿ ಅವನ್ನು ಆವಿ ಮಾಡಿ ಮೇಲಕ್ಕೆ ಕಳಿಸುತ್ತದೆ. ಬಿರುಕಿನ ಬಾಯಿಯ ಹತ್ತಿರ ತಂಪು ಸಿಕ್ಕ ತಕ್ಷಣ ಆ ಆವಿ ನೇರವಾಗಿ ಹರಳಾಗಿ ಕೂರುತ್ತದೆ. ನಮ್ಮ ದೇಶದಲ್ಲೂ ಇಂಥ ಬೆಂಕಿ ಇದೆ. ಜಾರ್ಖಂಡ್‌ನ ಝರಿಯಾ ಕಲ್ಲಿದ್ದಲು ಪ್ರದೇಶದಲ್ಲಿ 1916ರಲ್ಲೇ ಬೆಂಕಿ ಕಾಣಿಸಿಕೊಂಡಿತ್ತು.

ಪೆನ್ಸಿಲ್ವೇನಿಯಾ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಖನಿಜ ತಜ್ಞರಾಗಿದ್ದ ಡೇವಿಸ್ ಲ್ಯಾಫಮ್ ಇಂಥ ಉರಿಯುವ ಗುಡ್ಡೆಗಳ ಖನಿಜಗಳನ್ನೇ ಅಧ್ಯಯನ ಮಾಡಿದವರು. ಹೆಸರು ಬಂದಿದ್ದು ಅವರಿಂದ. ಖನಿಜ ತಜ್ಞ ಪೀಟ್ ಡನ್ ಮತ್ತು ಸಂಗಡಿಗರು 1986ರಲ್ಲಿ ಇದರ ವಿವರ ಪ್ರಕಟಿಸಿದರು.

ಈ ಇಸವಿಯನ್ನು ಗಮನದಲ್ಲಿ ಇಟ್ಟುಕೊಳ್ಳಿ. 1998ರಲ್ಲಿ ಅಂತರರಾಷ್ಟ್ರೀಯ ಖನಿಜ ಸಂಘ ಒಂದು ನಿಯಮ ತಂದಿತು: ಬೆಂಕಿಯಿಂದ ಹುಟ್ಟಿದ ವಸ್ತುಗಳನ್ನು ಇನ್ನು ಮುಂದೆ ಸಾಮಾನ್ಯವಾಗಿ ಖನಿಜ ಅಂತ ಒಪ್ಪುವುದಿಲ್ಲ. ಗುಡ್ಡೆಗೆ ಬೆಂಕಿ ತಾನಾಗೇ ಹತ್ತಿತೋ, ಮನುಷ್ಯರು ಹಚ್ಚಿದ್ದೋ ಹೇಳುವುದು ಕಷ್ಟ ಅಲ್ವಾ? ಲ್ಯಾಫಮೈಟ್ ಅದಕ್ಕೆ ಮೊದಲೇ ಪಟ್ಟಿ ಸೇರಿತ್ತು, ಹಾಗಾಗಿ ಉಳಿದುಕೊಂಡಿತು. ನನ್ನ ಮಟ್ಟಿಗೆ ಆ ನಿಯಮ ಸ್ವಲ್ಪ ಬಿಗಿಯಾಯಿತು. ಗಣಿಯ ಕಸವನ್ನು ರಾಶಿ ಹಾಕಿದ್ದು ಮನುಷ್ಯರೇ ಆದರೂ, ಆವಿ ಹರಳಾಗುವ ಕೆಲಸದಲ್ಲಿ ಯಾರ ಕೈಯೂ ಇರಲಿಲ್ಲ.

ಹೆಜ್ಜೆ 2: ಸೂತ್ರವನ್ನು ತೂಕಕ್ಕೆ ಇಳಿಸಿ

ಲ್ಯಾಫಮೈಟ್‌ನ ಸೂತ್ರ ಸುಲಭ. ಎರಡು ಆರ್ಸೆನಿಕ್ ಪರಮಾಣುಗಳಿಗೆ ಮೂರು ಜೊತೆಗಾರರು. ಆ ಮೂರು ಜಾಗಗಳಲ್ಲಿ ಸೆಲೆನಿಯಂ ಜಾಸ್ತಿ, ಗಂಧಕ ಕಡಿಮೆ.

ಪರಮಾಣು ತೂಕ ಬರೆದುಕೊಳ್ಳಿ: ಆರ್ಸೆನಿಕ್ 74.92, ಸೆಲೆನಿಯಂ 78.97, ಗಂಧಕ 32.06. ಮೂರೂ ಜಾಗ ಸೆಲೆನಿಯಂ ಆಗಿದ್ದರೆ ಒಟ್ಟು 386.75. ಮೂರೂ ಗಂಧಕ ಆಗಿದ್ದರೆ 246.02. ಈ ಎರಡನೆಯದು ಬೇರೆ ಯಾವುದೂ ಅಲ್ಲ, ನಮಗೆಲ್ಲ ಕೇಳಿ ಗೊತ್ತಿರುವ ಹರಿತಾಳ. ಹಳೆಯ ಚಿತ್ರಗಳಲ್ಲಿ ಹಳದಿಗೆ ಬಳಸುತ್ತಿದ್ದ, ಆಯುರ್ವೇದದ ರಸೌಷಧಿಗಳಲ್ಲಿ ಶುದ್ಧಿ ಮಾಡಿ ಬಳಸುವ ಅದೇ ಹರಿತಾಳ. ಲ್ಯಾಫಮೈಟ್ ಅದರ ಸೆಲೆನಿಯಂ ದಾಯಾದಿ. ಇಲ್ಲಿಂದ ಮುಂದೆ ಪ್ರತಿ ಹೆಜ್ಜೆಯಲ್ಲೂ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿ.

ಹೆಜ್ಜೆ 3: ಹೆಸರು ಯಾರಿಗೆ ಸಲ್ಲಬೇಕು?

ಸೆಲೆನಿಯಂ ಮತ್ತು ಗಂಧಕ ಒಂದೇ ಜಾಗವನ್ನು ಹಂಚಿಕೊಂಡಿವೆ. ಹಾಗಿದ್ದರೆ ಇದನ್ನು ಸೆಲೆನಿಯಂ ಬೆರೆತ ಹರಿತಾಳ ಅಂತ ಯಾಕೆ ಕರೆಯಬಾರದು? ಇದಕ್ಕೆ ಖನಿಜಶಾಸ್ತ್ರದಲ್ಲಿ ಬಹುಮತದ ನಿಯಮ ಇದೆ. ಆ ಜಾಗದಲ್ಲಿ ಯಾವ ಧಾತು ಜಾಸ್ತಿ ಇದೆಯೋ ಅದೇ ಹೆಸರನ್ನು ತೀರ್ಮಾನಿಸುತ್ತದೆ. ತೂಕದಲ್ಲಿ ಜಾಸ್ತಿ ಅಲ್ಲ, ಪರಮಾಣುಗಳ ಎಣಿಕೆಯಲ್ಲಿ ಜಾಸ್ತಿ. ಇಲ್ಲಿ ಅನೇಕರು ಎಡವುತ್ತಾರೆ. ಸೆಲೆನಿಯಂ ಪರಮಾಣು ಗಂಧಕದ ಎರಡೂವರೆ ಪಟ್ಟು ತೂಕ ಇರುವುದರಿಂದ, ಎಣಿಕೆಯಲ್ಲಿ ಹಿಂದೆ ಬಿದ್ದರೂ ತೂಕದಲ್ಲಿ ಮುಂದಿರುವ ಹಾಗೆ ಕಾಣಬಹುದು. ಲ್ಯಾಬ್ ವರದಿಯಲ್ಲಿ ತೂಕದ ಶೇಕಡಾ ಕೊಟ್ಟಿದ್ದರೆ, ಪ್ರತಿಯೊಂದನ್ನೂ ಅದರ ಪರಮಾಣು ತೂಕದಿಂದ ಭಾಗಿಸಿ, ಆಮೇಲೆ ಹೋಲಿಸಿ.

ಹೆಜ್ಜೆ 4: ಗುಂಪು ಹುಡುಕಿ

ಇದು ಬೇಗ ಮುಗಿಯುತ್ತದೆ. ಸೂತ್ರದಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ಆಕ್ಸೈಡ್, ಸಿಲಿಕೇಟ್, ಕಾರ್ಬೊನೇಟ್ ಯಾವುದೂ ಅಲ್ಲ. ಗಂಧಕ, ಸೆಲೆನಿಯಂ ಇದ್ದರೆ ಸಲ್ಫೈಡ್ ವರ್ಗ, ಸೆಲೆನೈಡ್‌ಗಳೂ ಅದರಲ್ಲೇ ಸೇರುತ್ತವೆ. ಖನಿಜಗಳನ್ನು ರಾಸಾಯನಿಕ ಗುಣ, ರಚನೆ ನೋಡಿ ಗುಂಪು ಮಾಡುವ ಸ್ಟ್ರುಂಟ್ಸ್ ವರ್ಗೀಕರಣದಲ್ಲಿ ಲ್ಯಾಫಮೈಟ್‌ನ ಸಂಖ್ಯೆ 2.ಎಫ್‌ಎ.30. 2 ಅಂದರೆ ಸಲ್ಫೈಡ್ ವರ್ಗ, ಎಫ್ ಅಂದರೆ ಆರ್ಸೆನಿಕ್ ಸಲ್ಫೈಡ್‌ಗಳು ಮತ್ತು ಅವುಗಳ ಜೊತೆಗಿಡುವ ಕೆಲವು ಬಗೆಗಳು, ಎ ಅದರೊಳಗಿನ ಉಪಗುಂಪು. ಹರಿತಾಳದ ಸಂಖ್ಯೆಯೂ 2.ಎಫ್‌ಎ.30. ಒಂದೇ ಸಂಖ್ಯೆ ಬಂತು ಅಂದರೆ ಒಳಗಿನ ಕಟ್ಟಡವೂ ಒಂದೇ ರೀತಿ ಇರಬೇಕು ಅಂತ ಊಹಿಸಿ, ಮುಂದಕ್ಕೆ ಹೋಗಿ.

ಹೆಜ್ಜೆ 5: ಒಳಗಿನ ರಚನೆಯಿಂದ ಹೊರಗಿನ ಗುಣ ಹೇಳಿ

ಪ್ರತಿ ಆರ್ಸೆನಿಕ್ ಪರಮಾಣುವಿಗೆ ಮೂರು ಜೊತೆಗಾರರು ಅಂಟಿಕೊಂಡು ಚಪ್ಪಟೆ ಪಿರಮಿಡ್ ಆಗುತ್ತದೆ. ಈ ಪಿರಮಿಡ್‌ಗಳು ಮೂಲೆ ಮೂಲೆ ಹಂಚಿಕೊಂಡು (ಒಬ್ಬೊಬ್ಬ ಜೊತೆಗಾರ ಎರಡೆರಡು ಆರ್ಸೆನಿಕ್‌ಗೆ ಸೇರಿರುತ್ತಾನೆ, ಹಾಗಾಗಿಯೇ ಸೂತ್ರದಲ್ಲಿ ಎರಡಕ್ಕೆ ಮೂರು) ಅಗಲವಾದ ಹಾಳೆ ಕಟ್ಟುತ್ತವೆ. ಹಾಳೆಯ ಒಳಗಿನ ಬಂಧ ಗಟ್ಟಿ. ಒಂದು ಹಾಳೆಗೂ ಮೇಲಿನ ಹಾಳೆಗೂ ನಡುವಿನ ಹಿಡಿತ ಮಾತ್ರ ತೀರಾ ಸಡಿಲ. ಮದುವೆ ಮನೆಯ ಚಿರೋಟಿಯ ಪದರಗಳ ಹಾಗೆ ಅಂದುಕೊಳ್ಳಿ.

ಇಷ್ಟು ಗೊತ್ತಾದರೆ ಮೂರು ಗುಣಗಳನ್ನು ನೀವೇ ಹೇಳಬಹುದು. ಹಾಳೆಗಳ ನಡುವೆ ಸಲೀಸಾಗಿ ಸೀಳುತ್ತದೆ, ಅದೂ ಒಂದೇ ದಿಕ್ಕಿನಲ್ಲಿ. ಸೀಳಿದ ತೆಳು ಹಾಳೆ ಬಾಗುತ್ತದೆ. ಮತ್ತು ಖನಿಜ ಮೆದುವಾಗಿರುತ್ತದೆ: ಗಡಸುತನದ ಮೋಹ್ಸ್ ಅಳತೆಯಲ್ಲಿ (1 ಅತಿ ಮೆದು, 10 ಅತಿ ಗಡಸು) 1ರಿಂದ 2, ಹರಿತಾಳ 1.5ರಿಂದ 2. ಉಗುರಿನ ಗಡಸುತನ ಸುಮಾರು 2.5.

ಕೈಯಾರೆ ಅಭ್ಯಾಸ ಮಾಡಬೇಕು ಅನ್ನಿಸಿದರೆ ಕಾಗೆ ಬಂಗಾರ ಸೀಳಿ ನೋಡಿ, ಬಳಪದ ಕಲ್ಲನ್ನು ಉಗುರಿನಿಂದ ಗೀರಿ ನೋಡಿ. ಅವು ಸುರಕ್ಷಿತ. ಆದರೂ ಗೀರಿದ ಪುಡಿ ಉಸಿರಿಗೆ ಹೋಗದ ಹಾಗೆ ನೋಡಿಕೊಳ್ಳಿ. ಹರಿತಾಳ ಕೊಂಡು ತಂದು ಪ್ರಯೋಗ ಮಾಡಬೇಡಿ. ಹಳೆಯ ಪಠ್ಯಪುಸ್ತಕಗಳಲ್ಲಿ ಇದ್ದಿಲ ಮೇಲಿಟ್ಟು ಕಾಯಿಸಿ ವಾಸನೆ ನೋಡಿ ಅಂತ ಇರುತ್ತದೆ, ಆರ್ಸೆನಿಕ್ ಆದರೆ ಬೆಳ್ಳುಳ್ಳಿ ವಾಸನೆ, ಸೆಲೆನಿಯಂ ಆದರೆ ಕೊಳೆತ ಮೂಲಂಗಿ ವಾಸನೆ. ಆ ವಾಸನೆ ಮೂಗಿಗೆ ಬಂತು ಅಂದರೆ ವಿಷ ಒಳಗೆ ಹೋಯಿತು ಅಂತಲೇ ಅರ್ಥ. ದಯವಿಟ್ಟು ಬೇಡ. ಆರ್ಸೆನಿಕ್ ನಮಗೆ ದೂರದ ವಿಷಯವೂ ಅಲ್ಲ. ರಾಯಚೂರು, ಯಾದಗಿರಿ ಕಡೆಯ ಕೆಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲೇ ಮಿತಿ ಮೀರಿ ಸಿಕ್ಕಿದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಅಷ್ಟು ಕಡಿಮೆಗೇ ಹೆದರಬೇಕಾದ ವಸ್ತು ಇದು.

ಹೆಜ್ಜೆ 6: ಬಣ್ಣ ಯಾಕೆ ಕೆಂಪು?

ಹರಿತಾಳ ಹಳದಿ, ಲ್ಯಾಫಮೈಟ್ ಕಡು ಕೆಂಪು. ಒಂದೇ ರಚನೆ, ಬೇರೆ ಬೇರೆ ಬಣ್ಣ. ಕಾರಣ ಎಲೆಕ್ಟ್ರಾನ್‌ಗಳನ್ನು ಮೇಲಕ್ಕೆ ಎಬ್ಬಿಸಲು ಬೇಕಾದ ಶಕ್ತಿಯಲ್ಲಿದೆ. ಆರ್ಸೆನಿಕ್ ಸಲ್ಫೈಡ್‌ಗೆ ಇದು ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್, ಆರ್ಸೆನಿಕ್ ಸೆಲೆನೈಡ್‌ಗೆ ಸುಮಾರು 1.8. ಈಗ 1240 ಅನ್ನು ಆ ಸಂಖ್ಯೆಯಿಂದ ಭಾಗಿಸಿ, ಬೆಳಕಿನ ಅಲೆಯುದ್ದ ನ್ಯಾನೊಮೀಟರ್‌ನಲ್ಲಿ ಬರುತ್ತದೆ. ಮೊದಲನೆಯದು 517. ಅದಕ್ಕಿಂತ ಗಿಡ್ಡ ಅಲೆಗಳನ್ನು, ಅಂದರೆ ನೇರಳೆ, ನೀಲಿ ಎಲ್ಲವನ್ನೂ, ಖನಿಜ ನುಂಗುತ್ತದೆ. ಉಳಿದದ್ದು ಸೇರಿ ಹಳದಿ. ಎರಡನೆಯದು 689. ಅಲ್ಲಿ ಹಸಿರು, ಹಳದಿ, ಕಿತ್ತಳೆಯೂ ಹೋಗಿ, ಉಳಿಯುವುದು ಕೆಂಪಿನ ಕೊನೆ ಮಾತ್ರ. ಲ್ಯಾಫಮೈಟ್‌ನಲ್ಲಿ ಗಂಧಕವೂ ಇರುವುದರಿಂದ ಅದು ಈ ಎರಡರ ನಡುವೆ, ಸೆಲೆನಿಯಂ ತುದಿಗೆ ಹತ್ತಿರವಾಗಿ ಕೂರುತ್ತದೆ.

ಕೆಂಪಿನ ಆಚೆ ಇರುವ ಅವಗೆಂಪು ಬೆಳಕು ಇದರೊಳಗೆ ಆರಾಮಾಗಿ ಹಾದು ಹೋಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ತಯಾರಿಸಿದ ಆರ್ಸೆನಿಕ್ ಸೆಲೆನೈಡ್ ಗಾಜನ್ನು ಥರ್ಮಲ್ ಕ್ಯಾಮೆರಾಗಳ ಲೆನ್ಸ್‌ಗೆ ಬಳಸುತ್ತಾರೆ. ಹಿಂದೆ ಕೆಲವು ಜೆರಾಕ್ಸ್ ಮೆಷಿನ್‌ಗಳ ಡ್ರಮ್ಮಿಗೂ ಇದರ ಲೇಪ ಇರುತ್ತಿತ್ತು. ಎಸ್‌ಪಿ ರೋಡ್ ಕಡೆ ಹಳೆಯ ಮೆಷಿನ್ ಬಿಚ್ಚುವವರು ಡ್ರಮ್ಮನ್ನು ಕೆರೆಯಬಾರದು, ಉಜ್ಜಬಾರದು. ಇದನ್ನು ಯಾರಾದರೂ ಅವರಿಗೆ ಹೇಳಲೇಬೇಕು.

ಹೆಜ್ಜೆ 7: ಸಾಂದ್ರತೆಯನ್ನು ಲೆಕ್ಕ ಹಾಕಿ

ನನಗೆ ತುಂಬ ಇಷ್ಟವಾದ ಹೆಜ್ಜೆ ಇದು. ಹರಳಿನೊಳಗೆ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಪೆಟ್ಟಿಗೆಗೆ ಯೂನಿಟ್ ಸೆಲ್ ಅನ್ನುತ್ತಾರೆ. ಲ್ಯಾಫಮೈಟ್‌ನ ಪೆಟ್ಟಿಗೆಯ ಅಳತೆ 11.86, 9.756, 4.266 ಆಂಗ್‌ಸ್ಟ್ರಾಂ (ಹತ್ತು ಆಂಗ್‌ಸ್ಟ್ರಾಂ ಸೇರಿದರೆ ಒಂದು ನ್ಯಾನೊಮೀಟರ್). ಒಂದು ಕೋನ 90.17 ಡಿಗ್ರಿ. 90ಕ್ಕೆ ಇಷ್ಟು ಹತ್ತಿರ ಇದೆ ಅಂತ ಮೂರೂ ಕೋನ ಸಮ ಅಂತ ಬರೆದುಬಿಡಬೇಡಿ. ಇದು ಮೋನೋಕ್ಲಿನಿಕ್ ಗುಂಪಿನದು, ಅಂದರೆ ಎರಡು ಕೋನ 90, ಒಂದು ಮಾತ್ರ ಬೇರೆ, ಹರಿತಾಳದ ಹಾಗೆಯೇ. ಲೆಕ್ಕಕ್ಕೆ ಮಾತ್ರ ಆ ಚೂರು ವ್ಯತ್ಯಾಸವನ್ನು ಬಿಟ್ಟರೆ ತೊಂದರೆ ಇಲ್ಲ.

ಮೂರನ್ನೂ ಗುಣಿಸಿ, 493.6 ಬರುತ್ತದೆ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಸೂತ್ರದಷ್ಟು ಪರಮಾಣುಗಳು ಇವೆ. ಈಗ 4 ಗುಣಿಸು ಸೂತ್ರದ ತೂಕ, ಗುಣಿಸು 1.6605 (ಪರಮಾಣು ತೂಕವನ್ನು ಗ್ರಾಂಗೆ, ಆಂಗ್‌ಸ್ಟ್ರಾಂ ಅನ್ನು ಸೆಂಟಿಮೀಟರಿಗೆ ಬದಲಿಸುವ ಸಂಖ್ಯೆ), ಭಾಗಿಸು 493.6. ಉತ್ತರ ನೇರವಾಗಿ ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅಂತ ಬರುತ್ತದೆ.

ಮೂರೂ ಜಾಗ ಸೆಲೆನಿಯಂ ಅಂತ 386.75 ಹಾಕಿ ನೋಡಿ: 5.2. ಆದರೆ ನಿಜವಾದ ಹರಳನ್ನು ಅಳೆದಾಗ ಬಂದದ್ದು ಸುಮಾರು 4.5. ಲೆಕ್ಕ ತಪ್ಪಿಲ್ಲ, ನಾವು ಗಂಧಕವನ್ನು ಮರೆತಿದ್ದೇವೆ ಅಷ್ಟೇ. ಎರಡು ಸೆಲೆನಿಯಂ, ಒಂದು ಗಂಧಕ ಅಂತ ಇಟ್ಟುಕೊಂಡರೆ ಸೂತ್ರದ ತೂಕ 339.84, ಸಾಂದ್ರತೆ 4.57. ಹತ್ತಿರ ಬಂತು! ಕಲ್ಲನ್ನು ನೋಡದೆಯೇ ಅದರಲ್ಲಿ ಗಂಧಕ ಹೆಚ್ಚು ಕಡಿಮೆ ಎಷ್ಟಿದೆ ಅಂತ ಕಂಡುಹಿಡಿದಿರಿ. ಇದೇ ಲೆಕ್ಕ ಹರಿತಾಳಕ್ಕೂ ಹಾಕಿ: ಅಳತೆ 11.475, 9.577, 4.256, ತೂಕ 246.02. ಉತ್ತರ 3.49 ಬರಬೇಕು. ಬರದಿದ್ದರೆ ಗುಣಾಕಾರ ಮತ್ತೊಮ್ಮೆ ನೋಡಿ.

ಹೆಜ್ಜೆ 8: ಎಕ್ಸ್‌-ರೇಯಲ್ಲಿ ಇವೆರಡನ್ನು ಬೇರೆ ಮಾಡುವುದು

ಹಾಳೆ ಮತ್ತು ಹಾಳೆಯ ನಡುವಿನ ದೂರ ಎರಡನೇ ಅಳತೆಯ ಅರ್ಧ. ಹರಿತಾಳಕ್ಕೆ 4.79, ಲ್ಯಾಫಮೈಟ್‌ಗೆ 4.88 ಆಂಗ್‌ಸ್ಟ್ರಾಂ. ತಾಮ್ರದಿಂದ ಹೊರಡಿಸಿದ ಎಕ್ಸ್‌-ರೇ ಬಿಟ್ಟರೆ ಅದು ಹಾಳೆಗಳಿಂದ ಒಂದು ನಿರ್ದಿಷ್ಟ ಕೋನದಲ್ಲಿ ಜೋರಾಗಿ ಚಿಮ್ಮುತ್ತದೆ, ಆ ಏರಿಕೆಗೆ ಶೃಂಗ ಅನ್ನುತ್ತಾರೆ. ಮೊದಲನೆಯದರ ಶೃಂಗ ಸುಮಾರು 18.5 ಡಿಗ್ರಿಯಲ್ಲಿ, ಎರಡನೆಯದರದು 18.2 ಡಿಗ್ರಿಯಲ್ಲಿ ಬರುತ್ತದೆ. ಇಷ್ಟೇ ವ್ಯತ್ಯಾಸ. ಯಂತ್ರದ ಹೊಂದಾಣಿಕೆ ಚೂರು ಆಚೀಚೆ ಆದರೂ ಗೊಂದಲ ಆಗುತ್ತದೆ, ಅದಕ್ಕೆ ಎಕ್ಸ್‌-ರೇ ಒಂದನ್ನೇ ನಂಬಬಾರದು. ಎಲೆಕ್ಟ್ರಾನ್ ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ ಧಾತುಗಳ ಎಣಿಕೆ ಮಾಡಿಸಿ, ಮೂರನೇ ಹೆಜ್ಜೆಯ ಬಹುಮತದ ನಿಯಮ ಹಚ್ಚಿ, ಆಮೇಲೆ ಹೆಸರು ಬರೆಯಿರಿ.

ಇಂಥ ಯಂತ್ರಗಳನ್ನು ಹತ್ತಿರದಿಂದ ನೋಡಬೇಕು ಅನ್ನುವವರು ಐಐಎಸ್ಸಿಯ ಓಪನ್ ಡೇಗೆ ಹೋಗಿ, ಭೂವಿಜ್ಞಾನ ಕೇಂದ್ರ ಎಲ್ಲಿದೆ ಅಂತ ಕೇಳಿ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ಇದೆ. ಗವಿಪುರದಲ್ಲಿ 1958ರಲ್ಲಿ ಶುರುವಾದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಇದೆ. ಆನ್‌ಲೈನ್‌ನಲ್ಲಿ ರಫ್ (RRUFF) ಮತ್ತು ಮಿನ್‌ಡ್ಯಾಟ್ (Mindat) ಅನ್ನುವ ಖನಿಜ ದತ್ತಾಂಶ ತಾಣಗಳು ಉಚಿತ. ಲ್ಯಾಫಮೈಟ್ ಪುಟ ತೆರೆಯುವ ಮೊದಲು ನಿಮ್ಮ ನೋಟ್‌ಬುಕ್‌ನಲ್ಲಿ ಎಂಟೂ ಹೆಜ್ಜೆಗಳ ಉತ್ತರ ಬರೆದಿಟ್ಟುಕೊಳ್ಳಿ, ಆಮೇಲೆ ತಾಳೆ ನೋಡಿ. ಇದು ಮುಗಿದ ಮೇಲೆ ರಿಯಾಲ್ಗರ್ ಹಿಡಿಯಿರಿ, ಅಂದರೆ ನಮ್ಮ ಮನಃಶಿಲೆ. ಅದರಲ್ಲೂ ಆರ್ಸೆನಿಕ್, ಗಂಧಕವೇ ಇದೆ, ಆದರೆ ಹಾಳೆಗಳಿಲ್ಲ. ನಾಲ್ಕು ಆರ್ಸೆನಿಕ್, ನಾಲ್ಕು ಗಂಧಕ ಸೇರಿದ ಪಂಜರದಂಥ ಅಣುಗಳು ಇವೆ. ಐದನೇ ಹೆಜ್ಜೆಯಲ್ಲಿ ಏನೇನು ಬದಲಾಗಬೇಕು ಅಂತ ಮೊದಲು ನೀವೇ ಹೇಳಿ ನೋಡಿ.