ಹವಾಮಾನ ಅಂತ ಕರೆದರೆ ಬರೋದಿಲ್ಲ, ಬಾವಿ ಅಂತ ಕರೆದರೆ ಬರ್ತಾರೆ

ನಮ್ಮ ಬಡಾವಣೆ ಇರುವುದು ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ. 2022ರ ಸೆಪ್ಟೆಂಬರ್ ಮಳೆಗೆ ಇಲ್ಲಿನ ಕೆಳಗಿನ ಅಡ್ಡರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. 2024ರ ಮಾರ್ಚ್‌ನಲ್ಲಿ ಅದೇ ಅಡ್ಡರಸ್ತೆಯವರು ಟ್ಯಾಂಕರ್‌ಗಾಗಿ ಬೆಳಗಿನಿಂದ ಕಾಯುತ್ತಿದ್ದರು. ಆ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದ್ದರು. ನಡುವೆ 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಗಿದ್ದವು.

ಮುಳುಗುವುದು, ಒಣಗುವುದು ಎರಡೂ ಒಂದೇ ಕಾಯಿಲೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಕಾಂಕ್ರೀಟ್ ಹಾಸಿದ ಊರಿನಲ್ಲಿ ಆ ನೀರು ಇಂಗುವುದೆಲ್ಲಿ? ಮೋರಿ ಸೇರಿ ಹೋಗಿಬಿಡುತ್ತದೆ. ನಿವಾಸಿಗಳ ಸಂಘದಲ್ಲಿ ಇದನ್ನು ಮಾತಾಡಿಕೊಂಡೆವು, ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿ ತೋಡೋಣ ಅಂದುಕೊಂಡೆವು. ಆದರೆ ಮನೆಮನೆಗೆ ಹೋದಾಗ ಡಿಗ್ರಿ ಲೆಕ್ಕ ಹೇಳಲಿಲ್ಲ. "ನಿಮ್ಮ ಮನೆಯಲ್ಲಿ ಕಳೆದ ಬೇಸಿಗೆ ಎಷ್ಟು ಟ್ಯಾಂಕರ್ ತರಿಸಿದ್ರಿ?" ಅಂತ ಕೇಳಿದೆವು. ಈ ಪ್ರಶ್ನೆಗೆ ಬಾಗಿಲು ಹಾಕಿಕೊಂಡವರೇ ಇಲ್ಲ. ಬಿಲ್ ತಂದು ತೋರಿಸಿದವರೂ ಇದ್ದಾರೆ.

ಆಮೇಲೆ ಕಾಗದದ ಮೇಲೆ ಲೆಕ್ಕ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 30x40 ಅಡಿ ಸೈಟಿನ ಮನೆಗೆ ನೂರು ಚದರ ಮೀಟರ್ ಚಾವಣಿ ಅಂತಿಟ್ಟುಕೊಳ್ಳಿ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಅಂದರೆ 97,000 ಲೀಟರ್! 12,000 ಲೀಟರಿನ ಎಂಟು ಟ್ಯಾಂಕರ್ ನೀರು ಚಾವಣಿಯಿಂದ ಸುಮ್ನೆ ಹರಿದು ಹೋಗುತ್ತಿದೆ. ಈ ಲೆಕ್ಕವನ್ನು ಪ್ರತಿ ಮನೆಯವರ ಕೈಯಲ್ಲೇ ಮಾಡಿಸಿದೆವು. ನಾವು ಹೇಳುವುದಕ್ಕಿಂತ ಅವರೇ ಬರೆದ ಸಂಖ್ಯೆ ಅವರಿಗೆ ಹೆಚ್ಚು ನಾಟುತ್ತದೆ.

ಬಾವಿ ತೋಡಿದ್ದು ಮಣ್ಣು ವಡ್ಡರ ಕುಟುಂಬದವರು. ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದವರು ಇವರು. 2015ರಲ್ಲಿ ಬಯೋಮ್ ಸಂಸ್ಥೆ ಇವರ ಜೊತೆ 'ಬೆಂಗಳೂರಿಗೆ ಹತ್ತು ಲಕ್ಷ ಬಾವಿ' ಎನ್ನುವ ಅಭಿಯಾನ ಶುರು ಮಾಡಿದ ಮೇಲೆ ಅವರ ಕೆಲಸಕ್ಕೆ ಮತ್ತೆ ಬೇಡಿಕೆ ಬಂದಿದೆ. ಹಾರೆ, ಗುದ್ದಲಿ, ಬಾಂಡ್ಲಿ, ಹಗ್ಗ, ಇಷ್ಟೇ ಸಲಕರಣೆ. ಮಣ್ಣಿನ ವಿಷಯದಲ್ಲಿ ನಮ್ಮ ಬಡಾವಣೆಯ ಯಾವ ಎಂಜಿನಿಯರಿಗಿಂತಲೂ ಅವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಂದು ಕಡೆ ಜೇಡಿಮಣ್ಣು ಸಿಕ್ಕಿ, "ಇಲ್ಲಿಗೇ ಸಾಕು" ಅಂತ ನಮ್ಮವರು ಹೇಳಿದಾಗ ಹಿರಿಯರೊಬ್ಬರು ಒಪ್ಪಲಿಲ್ಲ. "ಅಮ್ಮಾ, ಇನ್ನೊಂದಾಳುದ್ದ ಆಳಕ್ಕೆ ಇಳಿದರೆ ಗರಸು ಸಿಗುತ್ತೆ. ಅಲ್ಲಿವರೆಗೂ ಹೋಗದಿದ್ರೆ ನೀರು ಕುಡಿಯೋದಿಲ್ಲ ಇದು" ಅಂದರು. ಗರಸು, ಅಂದರೆ ಕಲ್ಲುಹರಳು ಬೆರೆತ ಸಡಿಲ ಮಣ್ಣು, ಸಿಕ್ಕಿತು. ಈಗ ಆ ಬಾವಿಯಲ್ಲಿ ಎಷ್ಟೇ ನೀರು ತುಂಬಿದರೂ ಬೇಗ ಇಳಿದುಹೋಗುತ್ತದೆ.

ಇಂಗುಬಾವಿ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ. ಒಳಗೆ ಸಿಮೆಂಟ್ ರಿಂಗು, ರಿಂಗಿನ ಸುತ್ತ ಜಲ್ಲಿ. ತಳಕ್ಕೆ ಕಾಂಕ್ರೀಟ್ ಹಾಕಬಾರದು, ಹಾಕಿದರೆ ಅದು ತೊಟ್ಟಿ ಆಗುತ್ತದೆ ಅಷ್ಟೇ. ಒಮ್ಮೆ ತುಂಬಿದರೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು, ಮಕ್ಕಳು ಓಡಾಡುವ ಜಾಗ.

ಜಾಸ್ತಿ ಚರ್ಚೆಯಾದದ್ದು ಕೊಳಕು ನೀರಿನ ಬಗ್ಗೆ. "ರಸ್ತೆ ನೀರು ಬಿಟ್ಟು ಅಂತರ್ಜಲ ಹಾಳು ಮಾಡ್ತೀರಾ?" ಎಂದು ನಿವೃತ್ತ ಮೇಷ್ಟ್ರೊಬ್ಬರು ಪಟ್ಟುಹಿಡಿದು ಕೇಳಿದರು. ಅವರು ಕೇಳಿದ್ದು ಒಳ್ಳೆಯದಾಯಿತು. ಚಾವಣಿ ನೀರನ್ನು ಫಿಲ್ಟರ್ ಹಾಕಿ ಬಿಡುವುದು, ಮೊದಲ ಮಳೆಯ ನೀರನ್ನು ಹೊರಗೆ ಹರಿಸುವುದು ಅಂತ ತೀರ್ಮಾನವಾಯಿತು. ರಸ್ತೆಬದಿಯ ಬಾವಿಗಳಿಗೆ ಮುಂದೆ ಹೂಳು ನಿಲ್ಲುವ ಗುಂಡಿ ಮಾಡಿದೆವು. ಯುಜಿಡಿ (ಒಳಚರಂಡಿ) ಪೈಪು, ಹಳೆಯ ಶೌಚಗುಂಡಿ ಇರುವ ಕಡೆ ಬಾವಿ ತೋಡಲೇ ಇಲ್ಲ. ಯಾವ ಮೋರಿಗೆ ಒಳಚರಂಡಿ ನೀರು ಸೇರುತ್ತದೋ ಅದನ್ನು ಕೈಬಿಟ್ಟೆವು.

ದುಡ್ಡು? ಮನೆಯೊಳಗಿನ ಬಾವಿಗೆ ಮನೆಯವರದ್ದು, ರಸ್ತೆಬದಿಯದಕ್ಕೆ ಆ ಅಡ್ಡರಸ್ತೆಯವರೆಲ್ಲ ಸೇರಿ. ಬಾಡಿಗೆದಾರರಿಂದ ತೆಗೆದುಕೊಳ್ಳಲಿಲ್ಲ. 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸ ಮನೆ ಕಟ್ಟಿದರೆ ಮಳೆಕೊಯ್ಲು ಕಡ್ಡಾಯ ಎಂದು ಜಲಮಂಡಳಿಯ ಕಾನೂನು 2009ರಿಂದಲೇ ಇದೆ. ಅದನ್ನು ನಾವು ಹೆದರಿಸಲು ಬಳಸಲಿಲ್ಲ. ಅನುಮಾನ ಇದ್ದವರನ್ನು ಜಯನಗರದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಕರೆದುಕೊಂಡು ಹೋದೆವು. ಕಣ್ಣಾರೆ ನೋಡಿ ಬಂದವರು ಬೇಗ ಒಪ್ಪುತ್ತಾರೆ.

ಬಾವಿ ತೋಡುವ ಮುಂಚೆ ಇರುವ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಬರೆದಿಡಿ. ನಮ್ಮಲ್ಲಿ ಪಿಯುಸಿ ಓದುವ ಹುಡುಗ ಹುಡುಗಿಯರು ಈ ಕೆಲಸ ನೋಡಿಕೊಳ್ಳುತ್ತಾರೆ. ಇಂಗುಬಾವಿಯ ನೀರು ಮೊದಲು ತುಂಬುವುದು ಮೇಲಿನ ಪದರವನ್ನು, ಸಾವಿರ ಅಡಿಯ ಬೋರ್ ಮರುದಿನವೇ ಉಕ್ಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಜನಕ್ಕೆ ನಂಬಿಕೆ ಹೋಗುತ್ತದೆ. ಭರಣಿ ಮಳೆಗೆ ಮುಂಚೆ ಹೂಳು ತೆಗೆಯುವುದು ಅಡ್ಡರಸ್ತೆಯ ಹೊಣೆ. ಪಾಳಿ ಪಟ್ಟಿ ಸಂಘದ ಕಚೇರಿ ಗೋಡೆಯ ಮೇಲಿದೆ.

ಈಗಿನ ಮಾತುಕತೆ ಪಕ್ಕದ ಅಪಾರ್ಟ್‌ಮೆಂಟಿನವರ ಜೊತೆ. ಅವರ ಬೇಸ್‌ಮೆಂಟಿನಲ್ಲಿ ಒಸರುವ ನೀರನ್ನು ದಿನವೂ ಪಂಪ್ ಮಾಡಿ ಮೋರಿಗೆ ಬಿಡುತ್ತಾರೆ. ಆ ನೀರನ್ನು ಪರೀಕ್ಷೆ ಮಾಡಿಸಿ, ತೋಟಕ್ಕೆ ಮತ್ತು ಶೌಚಾಲಯಕ್ಕೆ ಬಳಸಿ ಅಂತ ಕೇಳಿದ್ದೇವೆ. ಪೈಪಿನ ಖರ್ಚಿನ ಅಂದಾಜು ಕೊಡಿ ಅಂದಿದ್ದಾರೆ. ಈ ವಾರ ಪ್ಲಂಬರ್ ಜೊತೆ ಹೋಗಿ ಅಳತೆ ತೆಗೆದುಕೊಂಡು ಬರುತ್ತೇವೆ.