ಲ್ಯಾಪ್‌ಟಾಪ್ ಬೇಗ ಏಳಲಿ ಅಂತ ನಾನು ಮಾಡಿಕೊಂಡ ಏರ್ಪಾಡು

ನನ್ನದು ಅಂಗಡಿಗಳ ಲೆಕ್ಕ ಬರೆಯುವ ಕೆಲಸ. ಬೆಳಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು. ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕುವುದು, ಮತ್ತೆ ತೆರೆಯುವುದು, ದಿನವಿಡೀ ಇದೇ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಕೆಲವು ಸಲ ತೆರೆದ ಕೂಡಲೇ ಏಳುತ್ತಿತ್ತು. ಇನ್ನು ಕೆಲವು ಸಲ ಲೋಗೋ ಬಂದು, ಚಕ್ರ ತಿರುಗುತ್ತಾ ನಿಂತುಬಿಡುತ್ತಿತ್ತು. ಎದುರಿಗೆ ಅಂಗಡಿಯವರು ಬಿಲ್ಲು ಹಿಡಿದು ಕಾಯುತ್ತಿರುತ್ತಿದ್ದರು. ಬ್ಯಾಗಿನಿಂದ ತೆಗೆದಾಗ ಬಿಸಿಯಾಗಿರುತ್ತಿದ್ದುದೂ ಉಂಟು.

ಫಾರ್ಮ್ಯಾಟ್ ಮಾಡಿಸಿ ಅಂದವರೇ ಜಾಸ್ತಿ. ನನಗೆ ಅದು ಸರಿ ಅನ್ನಿಸಲಿಲ್ಲ. ಒಮ್ಮೆ ಬೇಗ, ಒಮ್ಮೆ ತಡ ಎಂದರೆ ಅದು ಬೇರೆ ಬೇರೆ ಸ್ಥಿತಿಯಿಂದ ಏಳುತ್ತಿರಬೇಕು, ಅಲ್ವಾ? ಮಲಗುವ ಬಗೆ ಎರಡು, ಸ್ಲೀಪ್ ಮತ್ತು ಹೈಬರ್ನೇಟ್.

ಸ್ಲೀಪ್‌ನಲ್ಲಿ ನಮ್ಮ ಕೆಲಸವೆಲ್ಲ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮ್‌ನಲ್ಲೇ ಇರುತ್ತದೆ. ಅದಕ್ಕೆ ಸ್ವಲ್ಪ ಸ್ವಲ್ಪ ಬ್ಯಾಟರಿ ಹೋಗುತ್ತಲೇ ಇರುತ್ತದೆ. ಹೈಬರ್ನೇಟ್‌ನಲ್ಲಿ ಅದನ್ನೆಲ್ಲ ಡಿಸ್ಕಿಗೆ ಬರೆದು ಲ್ಯಾಪ್‌ಟಾಪ್ ಆಫ್ ಆಗುತ್ತದೆ. ಏಳುವಾಗ ಮತ್ತೆ ಓದಿಕೊಳ್ಳಬೇಕು, ತಡವಾಗುವುದು ಅಲ್ಲಿ.

ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಪವರ್‌ಸಿಎಫ್‌ಜಿ /ಎ (powercfg /a) ಎಂದು ಕೊಟ್ಟೆ. ಯಾವ ಯಾವ ಸ್ಲೀಪ್ ಇದೆ ಎಂದು ಅದು ಪಟ್ಟಿ ಕೊಡುತ್ತದೆ. ನನ್ನದರಲ್ಲಿ ಎಸ್3 ಎಂಬ ಹಳೆಯ ಬಗೆಯ ಸ್ಲೀಪ್ ಇರಲಿಲ್ಲ. ಎಸ್0 ಲೋ ಪವರ್ ಐಡಲ್ ಇತ್ತು, ಅಂದರೆ ಮಾಡರ್ನ್ ಸ್ಟ್ಯಾಂಡ್‌ಬೈ. ಇದು ಫೋನಿನ ಹಾಗೆ. ಪರದೆ ಆರಿದರೂ ಒಳಗೆ ಆಗಾಗ ಎಚ್ಚರವಾಗಿ ಮೇಲ್, ಅಪ್‌ಡೇಟ್ ನೋಡಿಕೊಳ್ಳುತ್ತದೆ. ಬ್ಯಾಟರಿ ಒಂದು ಮಿತಿ ಮೀರಿ ಇಳಿದರೆ ವಿಂಡೋಸ್ ತಾನೇ ಹೈಬರ್ನೇಟ್‌ಗೆ ಹೋಗುತ್ತದೆ. ಬಿಸಿಗೂ ತಡಕ್ಕೂ ಕಾರಣ ಒಟ್ಟಿಗೇ ಸಿಕ್ಕಿತು.

ಆಮೇಲೆ ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ (powercfg /sleepstudy) ಕೊಟ್ಟೆ. ಇಷ್ಟು ಉಪಯೋಗದ ಸಾಧನ ವಿಂಡೋಸ್‌ನಲ್ಲೇ ಇದ್ದೂ ಯಾರೂ ಹೇಳುವುದಿಲ್ಲ ಅನ್ನೋದೇ ನನಗೆ ಬೇಸರ. ಬ್ರೌಸರ್‌ನಲ್ಲಿ ತೆರೆಯುವ ಒಂದು ವರದಿ ತಯಾರಾಗುತ್ತದೆ. ಯಾವಾಗ ಮಲಗಿತು, ಎಷ್ಟು ಬ್ಯಾಟರಿ ಹೋಯಿತು, ಯಾವುದು ಎಬ್ಬಿಸುತ್ತಿತ್ತು, ಎಲ್ಲ ಅದರಲ್ಲಿದೆ. ನನ್ನ ವರದಿಯಲ್ಲಿ ಮೇಲೆ ಕಂಡದ್ದು ವೈಫೈ. ತಯಾರಕರ ಸೈಟಿನಿಂದ ವೈಫೈ ನಡೆಸುವ ಹೊಸ ತಂತ್ರಾಂಶ, ಅಂದರೆ ಡ್ರೈವರ್, ಹಾಕಿದ ಮೇಲೆ ಬ್ಯಾಟರಿ ಸೋರುವುದು ಎದ್ದು ಕಾಣುವಷ್ಟು ಇಳಿಯಿತು.

ಇನ್ನುಳಿದದ್ದು ಸೆಟ್ಟಿಂಗ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಜಾಗಕ್ಕೆ ಹೋದೆ. ಅಲ್ಲಿ ಹೈಬರ್ನೇಟ್‌ಗೆ ಟಿಕ್ ಹಾಕಿದೆ, ಮೊದಲು ಅದು ಮೆನುವಿನಲ್ಲಿ ಕಾಣುತ್ತಲೇ ಇರಲಿಲ್ಲ. ಈಗ ಚಾರ್ಜರ್ ಇಲ್ಲದೆ ಬ್ಯಾಟರಿಯಲ್ಲಿ ಇರುವಾಗ ಲ್ಯಾಪ್‌ಟಾಪ್ ಮುಚ್ಚಿದರೆ ಹೈಬರ್ನೇಟ್, ಪವರ್ ಬಟನ್ ಒತ್ತಿದರೆ ಸ್ಲೀಪ್. ಬ್ಯಾಗಿಗೆ ಹೋಗುವಾಗ ಮುಚ್ಚುತ್ತೇನೆ, ಟೀ ಕುಡಿಯಲು ಹೋಗುವಾಗ ಬಟನ್ ಒತ್ತುತ್ತೇನೆ. ಯಾವುದರಿಂದ ಏಳುತ್ತದೆ ಅನ್ನೋದು ನನಗೆ ಮೊದಲೇ ಗೊತ್ತಿರುತ್ತದೆ. ಅಂಗಡಿಗೆ ಕಾಲಿಟ್ಟ ಕೂಡಲೇ ತೆರೆದಿಡುತ್ತೇನೆ, ಮಾತು ಮುಗಿಯುವಷ್ಟರಲ್ಲಿ ಸಿದ್ಧ.

ಹೈಬರ್ನೇಟ್‌ನಿಂದ ಬೇಗ ಏಳಬೇಕೆಂದರೆ ಡಿಸ್ಕಿಗೆ ಬರೆಯುವುದು ಕಡಿಮೆ ಇರಬೇಕು. ಬ್ರೌಸರ್‌ನಲ್ಲಿ ಸುಮ್ನೆ ತೆರೆದಿಟ್ಟ ಟ್ಯಾಬ್‌ಗಳನ್ನು ಮುಚ್ಚಿಯೇ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ಹಳೆಯ ಹಾರ್ಡ್‌ಡಿಸ್ಕ್ ಇದ್ದವರು ಅದಕ್ಕಿಂತ ಬೇಗ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿಸದೆ ಈ ಸೆಟ್ಟಿಂಗ್‌ಗಳಿಗೆ ಜಾಸ್ತಿ ಹೊತ್ತು ಕಳೆಯಬೇಡಿ. ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ ಸವೆಯುತ್ತದೆ ಅನ್ನುವ ಹೆದರಿಕೆಯೂ ಬೇಡ. ದಿನಕ್ಕೆ 4 ಸಲ, ಸಲಕ್ಕೆ 5 ಜಿಬಿ ಬರೆದರೂ ವರ್ಷಕ್ಕೆ ಸುಮಾರು 7 ಟಿಬಿ (1 ಟಿಬಿ ಎಂದರೆ 1000 ಜಿಬಿ). 500 ಜಿಬಿಯ ಹಲವು ಎಸ್‌ಎಸ್‌ಡಿಗಳಿಗೆ 300 ಟಿಬಿ ಬರೆಯುವವರೆಗೆ ವಾರಂಟಿ ಇರುತ್ತದೆ.

ಪೆನ್‌ಡ್ರೈವ್‌ನಲ್ಲಿ ಲೆಕ್ಕದ ಫೈಲ್ ಇಟ್ಟುಕೊಂಡವರು ಮಾತ್ರ ಅದನ್ನು ಕ್ಲೋಸ್ ಮಾಡಿ, ಇಜೆಕ್ಟ್ ಕೊಟ್ಟು, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ಮಲಗಿರುವಾಗ ಪೆನ್‌ಡ್ರೈವ್ ಕಿತ್ತರೆ ಫೈಲ್ ಕೆಡಬಹುದು.